ಕೆರೆ ದಂಡೆಯ ಸೋಮವಾರ

ನನ್ನ ಗಂಡನ ಮನೆಯವರು ಕಾರಣವಿಲ್ಲದೆ ಊರು ಬಿಟ್ಟವರಲ್ಲ. ಮದುವೆ, ಮಣ್ಣು, ದೇವರು, ದವಾಖಾನೆ, ಈ ನಾಲ್ಕಕ್ಕೆ ಮಾತ್ರ ಗಾಡಿ ಹೂಡುತ್ತಿದ್ದರು. ಹಾಗಾಗಿ ಒಂದು ಸಂಜೆ ಊಟಕ್ಕೆ ಕೂತಾಗ ನನ್ನ ಗಂಡ, "ಬ್ಯಾಸಗಿ ಸೂಟ್ಯಾಗ ಎಲ್ಲೆರೆ ಹೋಗಿ ಎರಡ ದಿನ ಇದ್ದ ಬರೂಣು" ಅಂದಾಗ, ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾರ ತೀರಕೊಂಡ್ರೋ?" ಅಂತ ಕೇಳಿದರು.

ಯಾರೂ ತೀರಿಕೊಂಡಿರಲಿಲ್ಲ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಊರ ಸಾಲೆಯಲ್ಲಿ ಮಾಸ್ತರರು. ಹುಬ್ಬಳ್ಳಿಯಲ್ಲಿ ಕ್ಷೌರಕ್ಕೆ ಕೂತಾಗ ಒಂದು ವಾರಪತ್ರಿಕೆ ಕೈಗೆ ಸಿಕ್ಕಿತ್ತು. ಕಡಿಮೆ ಖರ್ಚಿನಲ್ಲಿ ಸಂಸಾರ ಸಮೇತ ಕೆರೆ ದಂಡೆಯಲ್ಲಿ ಡೇರೆ ಹಾಕಿಕೊಂಡು ಇರುವುದು ಹೇಗೆ, ಮೀನು ಹಿಡಿಯುತ್ತ ಕಾಲ ಕಳೆಯುವುದು ಹೇಗೆ ಅಂತ ಅದರಲ್ಲಿ ಬರೆದಿತ್ತಂತೆ. ಆ ಹಾಳೆಯನ್ನು ಹರಿದು ಕಿಸೆಯಲ್ಲಿ ಇಟ್ಟುಕೊಂಡೇ ಬಂದಿದ್ದರು. ಸಾಲೆಯಲ್ಲಿ ಹುಡುಗರು ಪುಸ್ತಕದ ಹಾಳೆ ಹರಿದರೆ ಬೆತ್ತದಿಂದ ಬಾರಿಸುವ ಮನುಷ್ಯ ಇವರು.

"ಮೀನಾ?" ಅತ್ತೆಯ ಕಣ್ಣು ಅಗಲವಾದವು. "ಲಿಂಗಾ ಕಟ್ಟಿಕೊಂಡ ಮಂದಿ ಮೀನ ಹಿಡೀತೀರಿ?"

"ತಿನ್ನಾಕ ಅಲ್ಲಬೇ. ಹಿಡದು ತಿರಗಿ ನೀರಾಗ ಬಿಡೂದು. ಹೊರದೇಶದಾಗ ಹಂಗ ಮಾಡ್ತಾರ."

"ಬಿಡೂದ ಇದ್ರ ಅಷ್ಟ ದೂರ ಹೋಗಿ ಯಾಕ ಹಿಡೀತಿ? ಇಲ್ಲೇ ಕುಂತು ಹಿಡೀಬ್ಯಾಡ."

ಈ ಮಾತಿಗೆ ಉತ್ತರ ಆ ಹಾಳೆಯಲ್ಲಿರಲಿಲ್ಲ. ಮಾವ ಊಟ ಮುಗಿಸಿ, ತಾಟಿನಲ್ಲಿ ಕೈ ತೊಳೆದು, "ಗಾಡಿ ಯಾರ ಹೊಡೀತಾರ?" ಅಂದರು. ಎತ್ತುಗಳ ಹಗ್ಗವನ್ನು ಅವರು ಹೆತ್ತ ಮಗನ ಕೈಗೂ ಕೊಡುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಹೋಗುವುದೆಂದು ಮನಸ್ಸಿನಲ್ಲಿ ಮಂಡಿಗೆ ತಿಂದಿದ್ದ ನಾವು ಅಲ್ಲಿಂದ ಮೂವರಾದೆವು.

ಮರುದಿನ ಹಿತ್ತಲಲ್ಲಿ ಇವರು ನನ್ನನ್ನು ಕೇಳಿದರು, "ನಮ್ಮ ಕುಂದಗೋಳ ಕಡೆ ಬ್ಯಾಸಗ್ಯಾಗ ಕೆರಿ ಅಂದ್ರ ಬರೇ ಬಿರಕು. ನೀರ ಇರೂ ಕೆರಿ ಯಾವದರೆ ಗೊತ್ತೈತೇನು?"

"ತಂಬೂರ ಕೆರಿ" ಅಂದೆ. ಅವರ ಮಾತು ಮುಗಿಯುವ ಮೊದಲೇ ಅಂದೆ.

ನನ್ನ ತವರು ಆ ಕೆರೆಯಿಂದ ಒಂದು ಹರದಾರಿ. ಮದುವೆಯಾಗಿ ಎರಡು ವರ್ಷವಾಗಿತ್ತು, ಅಷ್ಟೂ ದಿನ ನಾನು ನಮ್ಮ ಅವ್ವನ ಮುಖ ನೋಡಿರಲಿಲ್ಲ. ಕಾರಣ ಹೇಳಿದರೆ ನಗುತ್ತೀರಿ. ನಕ್ಕರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಕಾರಣ ಹುಲ್ಲು.

ಮದುವೆ ನಮ್ಮ ಊರಲ್ಲೇ ಆಯಿತು. ಗಂಡಿನ ಕಡೆಯವರು ಗಾಡಿ ಹೂಡಿಕೊಂಡು ಬಂದರು. ನಮ್ಮದು ಭತ್ತದ ಸೀಮೆ, ದನಕ್ಕೆ ಹಾಕುವುದೂ ಭತ್ತದ ಹುಲ್ಲೇ. ಮಾವನ ಎತ್ತುಗಳು ಎರೆ ಸೀಮೆಯವು. ಹುಟ್ಟಿದಾಗಿನಿಂದ ಒಣ ಜೋಳದ ದಂಟು, ಅಂದರೆ ಕಣಿಕೆ, ತಿಂದು ಬೆಳೆದವು. ನಮ್ಮಪ್ಪ ಹಾಕಿದ ಭತ್ತದ ಹುಲ್ಲನ್ನು ಮೂಸಿ ನೋಡಿ ಮುಖ ತಿರುಗಿಸಿದವು. ಎರಡು ದಿನ ಹಾಗೇ ನಿಂತವು. ಮೂರನೆಯ ದಿನ ಮಾವ ಹಂದರದ ಕೆಳಗೆ ನಿಂತು, ಬಂದ ಬೀಗರೆಲ್ಲರ ಎದುರು, "ನಾವ ಹೋಳಿಗಿ ಉಂಡ್ವಿ, ನನ್ನ ಎತ್ತ ಉಪಾಸ ಅದಾವ. ಇಂಥಾ ಮನ್ಯಾಗಿನ ಹೆಣ್ಣ ಯಾಕರೆ ತಂದ್ವೋ" ಅಂದರು. ನಮ್ಮಪ್ಪನ ಬಾಯಿಯೂ ಸುಮ್ಮನಿರುವ ಬಾಯಿಯಲ್ಲ. "ನಮ್ಮ ಎತ್ತ ಇದನ್ನ ತಿಂತಾವ. ನಿಮ್ಮವೇನ ಅರಮನ್ಯಾಗ ಹುಟ್ಟ್ಯಾವೇನ್ರಿ?" ಅಂದುಬಿಟ್ಟ. "ಇನ್ನ ನಿಮ್ಮ ಹೊಸ್ತಲಕ್ಕ ನನ್ನ ಎತ್ತ ಬರೂದಿಲ್ಲ, ನನ್ನ ಹೊಸ್ತಲಕ್ಕ ನೀವ ಬರಬ್ಯಾಡ್ರಿ" ಅಂತ ಮಾವ ಗಾಡಿ ಹೂಡಿದರು. ಆ ಗಾಡಿಯಲ್ಲಿ ಹೊಸ ಸೀರೆ ಉಟ್ಟುಕೊಂಡು ಕೂತವಳು ನಾನು.

ಹೆಣ್ಣುಮಕ್ಕಳು ಕರೆಯದೆ ತವರಿಗೆ ಹೋಗುವಂತಿಲ್ಲ. ಕರೆಯಲು ಬರುವವರಿಗೆ ಹೊಸ್ತಿಲು ಮುಚ್ಚಿತ್ತು. ಎರಡು ಪಂಚಮಿ ಹೀಗೇ ಹೋದವು. ಓಣಿಯ ಸೊಸೆಯಂದಿರೆಲ್ಲ ಉಂಡಿ ತಿನ್ನಲಿಕ್ಕೆ, ಜೋಕಾಲಿ ಆಡಲಿಕ್ಕೆ ತವರಿಗೆ ಹೋದಾಗ ನಾನು ಹಿತ್ತಲಲ್ಲಿ ಕೂತು ಶೇಂಗಾ ಸುಲಿದೆ. ಅತ್ತೆ ತಾವೇ ಉಂಡಿ ಕಟ್ಟಿ ಕೊಟ್ಟರು. ಚೆನ್ನಾಗಿದ್ದವು. ಅಳುತ್ತಲೇ ನಾಲ್ಕು ತಿಂದೆ.

ತಂಬೂರ ಅಂದ ಕೂಡಲೇ ಮಾವ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತ, "ಕೆರಿ ಸರಕಾರದ್ದು. ಬೀಗರದಲ್ಲ. ಕೆರಿ ತನಕ ಹೋಗೂಣು. ಅದರ ಆಚೇಕ ನನ್ನ ಎತ್ತಿನ ಗೊರಸ ಇಡೂದಿಲ್ಲ" ಅಂದರು.

ನನಗೆ ಅಷ್ಟೇ ಸಾಕಿತ್ತು. ಕೆರೆಯ ತನಕ ಹೋದರೆ ನಮ್ಮ ಊರಿನ ಯಾರಾದರೂ ಕಣ್ಣಿಗೆ ಬಿದ್ದೇ ಬೀಳುತ್ತಾರೆ, ಅವ್ವನಿಗೆ ಸುದ್ದಿ ಮುಟ್ಟುತ್ತದೆ, ಅವಳು ಏನಾದರೂ ಮಾಡಿ ಬಂದು ದೂರದಿಂದಾದರೂ ನಿಲ್ಲುತ್ತಾಳೆ. ಇಷ್ಟೇ ನನ್ನ ಲೆಕ್ಕ.

ಇವರ ತಯಾರಿ ನೋಡಬೇಕಿತ್ತು. ನೋಟಬುಕ್ಕಿನಲ್ಲಿ ಗೆರೆ ಹೊಡೆದು ಬರೆದರು. ಡೇರೆಗೆ ರಾಶಿ ಮುಚ್ಚುವ ತಾಡಪತ್ರಿ. ಹಾಸಲಿಕ್ಕೆ ಕಂಬಳಿ. ಮೀನಿನ ಕೋಲಿಗೆ ಮಾವನ ಹಳೆಯ ಬಾರುಕೋಲು. ಪೇಟೆಯಿಂದ ತಂದದ್ದು ನೈಲಾನ್ ದಾರ ಮತ್ತು ಒಂದು ಗಾಳ, ಎರಡೇ. "ನೋಡು, ಖರ್ಚ ಹೆಂಗ ಇಲ್ಲದಂಗ ಮಾಡೇನಿ" ಅಂತ ನನಗೆ ತೋರಿಸಿದರು. ಕಡಿಮೆ ಖರ್ಚಿನ ಪ್ರವಾಸ ಅಂದರೆ ಏನು ಅಂತ ನನಗೆ ಆಗಲೇ ಗೊತ್ತಾದದ್ದು. ಮೂರು ದಿನಕ್ಕಾಗುವಷ್ಟು ರೊಟ್ಟಿಯನ್ನು ಮನೆಯ ಹೆಂಗಸರು ಮೊದಲೇ ಬಡಿದು, ಒಣಗಿಸಿ, ಕಟ್ಟಿಡುವುದು.

ಶುಕ್ರವಾರ ಹೊರಡುವುದು, ಶನಿವಾರ ಕೆರೆಯಲ್ಲಿ ಇರುವುದು, ರವಿವಾರ ತಿರುಗಿ ಬರುವುದು. ಹೀಗೆ ಬರೆದಾಗಿತ್ತು. ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತದೆ, "ಶುಕ್ರವಾರ ಮನಿ ಸೊಸಿ ಹೊಸ್ತಲಾ ದಾಟಂಗಿಲ್ಲ" ಅಂದರು.

"ಹಂಗಾರ ಎಲ್ಲಾ ಒಂದೊಂದ ದಿನಾ ಮುಂದ ಹಾಕೂಣು" ಅಂತ ಇವರು ಕಾಟು ಹೊಡೆದು ತಿದ್ದಿದರು. ಸೂಟಿಯ ದಿನಗಳು, ಮಾಸ್ತರರಿಗೆ ಯಾವ ವಾರವಾದರೇನು. ಶನಿವಾರ ಹೋಗುವುದು, ರವಿವಾರ ಇರುವುದು. ನಾನು ಹಿಟ್ಟು ನಾದುತ್ತ ಮನಸ್ಸಿನಲ್ಲೇ ಎಣಿಸಿದೆ, ಮತ್ತು ನನ್ನ ಕೈ ನಿಂತಿತು.

ತಿರುಗಿ ಬರುವುದು ಸೋಮವಾರ. ನಮ್ಮ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅವತ್ತು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಡುವುದು. ಮಳೆ ಬಂದು ಬಿತ್ತನೆ ಹದ ತಪ್ಪುತ್ತಿದ್ದರೂ ಮಾವ ಸೋಮವಾರ ಕೂರಿಗೆ ಹೂಡಿದವರಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವ ಮಾತಲ್ಲ, ಆದ್ದರಿಂದಲೇ ನೋಟಬುಕ್ಕಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮಾವ ಆ ಹೊತ್ತಿಗೆ ಬಾರುಕೋಲಿಗೆ ದಾರ ಕಟ್ಟುವುದರಲ್ಲಿ ಮುಳುಗಿದ್ದರು.

ಹೇಳಬೇಕಿತ್ತು. ನಾನು ಬಾಯಿ ಬಿಡಲಿಲ್ಲ. ತಪ್ಪು ಅಂತ ಗೊತ್ತಿದ್ದೇ ಬಿಡಲಿಲ್ಲ. ನನಗೆ ಅವ್ವನನ್ನು ನೋಡಬೇಕಿತ್ತು, ಒಂದು ದಿನ ಹೆಚ್ಚಿಗೆ ಸಿಗುವುದಾದರೆ ಒಂದು ದಿನ ಹೆಚ್ಚಿಗೆ ಬೇಕಿತ್ತು. ಅತ್ತೆಯ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಜೋರಾಗಿ ರೊಟ್ಟಿ ಬಡಿಯುತ್ತಿದ್ದರು.

ಅತ್ತೆ ನಮ್ಮ ಜೊತೆ ಬರಲಿಲ್ಲ. "ಎಮ್ಮಿ ನಿಮ್ಮಪ್ಪ ಬಂದು ಹಿಂಡತಾನೇನು?" ಅಂತ ಮಗನ ಬಾಯಿ ಮುಚ್ಚಿಸಿದರು. ಗಾಡಿ ಹತ್ತುವಾಗ ನನ್ನ ಚೀಲದಲ್ಲಿ ಒಂದು ಗಂಟು ತುರುಕಿ, "ಈಗ ಬಿಚ್ಚಬ್ಯಾಡ. ತಡಾ ಆದ್ರ ಬಿಚ್ಚು" ಅಂದರು.

ಶನಿವಾರ ಬೆಳಗಿನಿಂದ ಸಂಜೆಯ ತನಕ ಗಾಡಿ ನಡೆಯಿತು. ಎರೆ ಮುಗಿದು ಕೆಂಪು ಮಣ್ಣು ಬಂತು, ಆಮೇಲೆ ಗದ್ದೆಗಳು ಬಂದವು. ಮಾವ ಗದ್ದೆಯ ಬಣವೆಗಳನ್ನು ನೋಡಿದಾಗಲೆಲ್ಲ "ಹುಲ್ಲ ನೋಡು, ಹುಲ್ಲ" ಅಂತ ಎತ್ತುಗಳಿಗೆ ಹೇಳುತ್ತಿದ್ದರು. ಅದು ನನಗೆ ಹೇಳಿದ್ದು ಅಂತ ಎತ್ತುಗಳಿಗೂ ಗೊತ್ತಿತ್ತು.

ಕೆರೆಯ ದಂಡೆಯ ಮಾವಿನ ಮರಗಳ ಕೆಳಗೆ ಗಾಡಿ ಬಿಟ್ಟು, ಅದರ ಮೇಲಿಂದ ತಾಡಪತ್ರಿ ಎಳೆದು ಕಟ್ಟಿದರೆ ಡೇರೆಯಾಯಿತು. ಇವರು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು, ಕಿಸೆಯ ಹಾಳೆ ತೆಗೆದು ಚಿತ್ರದ ಜೊತೆ ಹೋಲಿಸಿ ನೋಡಿದರು. ಚಿತ್ರದ ಹೆಂಗಸು ಕುರ್ಚಿಯ ಮೇಲೆ ಕೂತು ನಗುತ್ತಿದ್ದಳು. ನಾನು ಮೂರು ಕಲ್ಲು ಹೂಡಿ ಒಲೆ ಊದುತ್ತಿದ್ದೆ. ಉಳಿದದ್ದೆಲ್ಲ ಸರಿಯಿತ್ತು.

ರವಿವಾರ ಮೀನು ಹಿಡಿಯುವ ದಿನ. ಗಾಳಕ್ಕೆ ಎರೆಹುಳ ಚುಚ್ಚಬೇಕು ಅಂತ ಇವರು ಓದಿ ಹೇಳಿದರು. ಮಾವ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು, "ಛೀ" ಅಂದರು. ಹುಳದ ಬದಲು ರೊಟ್ಟಿ ನೆನೆಸಿ ಉಂಡೆ ಮಾಡಿದರು. ಆಮೇಲೆ ಗಾಳವನ್ನು ಬೆರಳಿಗೆ ಒತ್ತಿ ನೋಡಿದರು.

"ಇದು ಬಾಯಾಗ ಚುಚ್ಚೂದಿಲ್ಲೇನು?"

"ಚುಚ್ಚಬೇಕು ಅಪ್ಪಾ. ಚುಚ್ಚಿದ್ರ ಮೀನ ಸಿಗೂದು."

"ಹೆಂಗಿದ್ರೂ ಬಿಡೂದ ಐತಿ. ಸುಮ್ಮನ ಯಾಕ ಚುಚ್ಚೂದು?"

ಗಾಳ ಬಿಚ್ಚಿ ಮಗನ ಕೈಗೆ ಕೊಟ್ಟು, ದಾರದ ತುದಿಗೆ ಬರೀ ರೊಟ್ಟಿಯ ಉಂಡೆ ಕಟ್ಟಿ ನೀರಿಗೆ ಬಿಟ್ಟರು. ಮೀನುಗಳಿಗೆ ಇಂಥ ಮನುಷ್ಯ ಹಿಂದೆ ಸಿಕ್ಕಿರಲಿಕ್ಕಿಲ್ಲ. ಉಂಡೆ ಹೋಯಿತು. ಇನ್ನೊಂದು ಕಟ್ಟಿದರು, ಅದೂ ಹೋಯಿತು. ದಾರ ಜಗ್ಗಿದಾಗಲೆಲ್ಲ ಮಾವ ಸಣ್ಣ ಹುಡುಗರ ಹಾಗೆ "ಬಂತ ಬಂತ" ಅನ್ನುವರು. ಮಧ್ಯಾಹ್ನದ ಹೊತ್ತಿಗೆ ಕೋಲನ್ನೂ ಬದಿಗಿಟ್ಟು, ರೊಟ್ಟಿ ಮುರಿದು ಮುರಿದು ಕೈಯಿಂದಲೇ ಹಾಕತೊಡಗಿದರು. "ಅಗದಿ ಛಲೋ ತಿಂತಾವಲೇ" ಅಂತ ಮಗನಿಗೆ ಹೇಳಿದರು. ನಾನು ಎರಡು ದಿನ ಕೂತು ಬಡಿದ ರೊಟ್ಟಿ. ಹೊಟ್ಟೆ ಉರಿಯಿತು. ಆದರೆ ಮದುವೆಯಾಗಿ ಬಂದ ಮೇಲೆ ಆ ಮುಖದಲ್ಲಿ ಅಷ್ಟು ನಗು ನೋಡಿದ್ದು ಅವತ್ತೇ.

ಅವತ್ತು ಇಡೀ ದಿನ ನಮ್ಮ ಊರಿನ ಒಂದು ನರಪಿಳ್ಳೆಯೂ ಆ ಕಡೆ ಬರಲಿಲ್ಲ. ನಾನು ಏರಿಯ ಕಡೆಗೇ ನೋಡಿ ನೋಡಿ ಸಾರಿನ ತಳ ಎರಡು ಸಲ ಹತ್ತಿಸಿದೆ.

ಹೊತ್ತು ಮುಳುಗುವಾಗ ಇವರು ಪಾತ್ರೆ ಜೋಡಿಸುತ್ತ, "ನಾಳೆ ನಸಕಿನ್ಯಾಗ ಗಾಡಿ ಹೂಡೂಣಪ್ಪಾ" ಅಂದರು. ಮಾವ "ಹೂಂ" ಅಂದು ಎತ್ತುಗಳ ಕಡೆ ಹೋದರು. ಅಲ್ಲೇ ಸ್ವಲ್ಪ ಹೊತ್ತು ನಿಂತರು. ತಿರುಗಿ ಬಂದರು.

"ನಾಳಿಗೆ ಏನ ವಾರ?"

ಇವರು ಬೆರಳು ಎಣಿಸಿದರು. ಎಣಿಸಿದ ಬೆರಳು ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದರು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

"ಮಾಸ್ತರ ಅಂತ, ಮಾಸ್ತರ" ಅಂದರು ಮಾವ. "ವಾರ ಎಣಸಾಕ ಬರೂದಿಲ್ಲ, ಹುಡುಗೂರಿಗೆ ಏನ ಕಲಸ್ತೀಯೋ." ತಾವೂ ಎಣಿಸಿರಲಿಲ್ಲ ಅನ್ನುವುದನ್ನು ಅವರು ಹೇಳಲಿಲ್ಲ, ಕೇಳುವ ಧೈರ್ಯ ನಮಗಿರಲಿಲ್ಲ. ಸೋಮವಾರ ಅಲ್ಲೇ ಇರುವುದು ಅಂತ ಆಯಿತು.

ಸೋಮವಾರ ಬೆಳಗ್ಗೆ ಎತ್ತುಗಳ ಮೈ ತೊಳೆದು ವಿಭೂತಿ ಹಚ್ಚಿ ಆದ ಮೇಲೆ ನಮ್ಮ ಸ್ಥಿತಿ ಹೀಗಿತ್ತು. ರೊಟ್ಟಿ ಮೀನಿನ ಹೊಟ್ಟೆಯಲ್ಲಿತ್ತು. ಒಂದು ಹಿಡಿ ಅಕ್ಕಿ, ಸ್ವಲ್ಪ ಖಾರ ಉಳಿದಿತ್ತು. ಇವರು ಅತ್ತೆ ಕೊಟ್ಟ ಗಂಟನ್ನು ನೆನಪು ಮಾಡಿ, "ಬಿಚ್ಚು ಬಿಚ್ಚು, ಅವ್ವ ಏನರೆ ಕಟ್ಟಿರತಾಳ" ಅಂದರು. ಬಿಚ್ಚಿದೆ. ಒಳಗೆ ಒಂದು ಹೊಸ ಕುಪ್ಪಸದ ಖಣ, ಒಂದು ತೆಂಗಿನಕಾಯಿ, ಐದು ಅಡಿಕೆ. ಒಬ್ಬ ಮುತ್ತೈದೆಗೆ ಉಡಿ ತುಂಬಲಿಕ್ಕೆ ಬೇಕಾದಷ್ಟು. ಯಾರಿಗೆ ಅಂತ ಅತ್ತೆ ಹೇಳಿರಲಿಲ್ಲ, ಆದರೆ ಈ ಸೀಮೆಯಲ್ಲಿ ನನಗೆ ಬೇಕಾದ ಮುತ್ತೈದೆ ನಮ್ಮ ಅವ್ವ ಒಬ್ಬಳೇ. ಇವರು ಪೆಚ್ಚುಮೋರೆ ಹಾಕಿದರು. ನಾನು ಖಣವನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡೆ.

ಮನುಷ್ಯರು ಒಂದು ದಿನ ಹಸಿದರೆ ಸಾಯುವುದಿಲ್ಲ. ಆದರೆ ತಂದ ಕಣಿಕೆಯೂ ತೀರಿತ್ತು. ಎತ್ತುಗಳು ಬರಿದಾದ ಮೇವಿನ ಜಾಗವನ್ನು ಮೂಸುತ್ತ ನಿಂತಿದ್ದವು. ಮಂಗಳವಾರ ಇಡೀ ದಿನ ಗಾಡಿ ಎಳೆಯಬೇಕಾದ ಎತ್ತುಗಳು. ಕೆರೆ ಅಂಚಿನ ಹಸಿ ಹುಲ್ಲಿಗೆ ಬಿಟ್ಟರೆ ಹೊಟ್ಟೆ ಉಬ್ಬರಿಸುತ್ತದೆ ಅಂತ ಮಾವ ಬಿಡಲಿಲ್ಲ. ಇವರು ಹೋಗಿ ಹತ್ತಿರದ ಗದ್ದೆಯವರನ್ನು ಕೇಳಿ ಒಂದು ಹೊರೆ ಭತ್ತದ ಹುಲ್ಲು ತಂದು ಹಾಕಿದರು. ಎತ್ತುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಮಾವ ಹುಲ್ಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎತ್ತಿನ ಗಂಗೆದೊಗಲು ಸವರುತ್ತ ಕೂತರು. ಅವರ ಕಣ್ಣಲ್ಲಿ ನೀರು ಇತ್ತು, ಅದನ್ನು ನಾನು ನೋಡಿದೆ, ಮತ್ತು ಆಗ ನನಗೆ ನಾಚಿಕೆಯಾಯಿತು. ನಾನು ಬಾಯಿ ಮುಚ್ಚಿಕೊಂಡು ಕೂತದ್ದರ ಫಲ ಆ ಮೂಕಪ್ರಾಣಿಗಳ ಹೊಟ್ಟೆಯ ಮೇಲೆ ಬಿದ್ದಿತ್ತು.

ಆ ಹೊತ್ತಿಗೆ ಅರಿವೆ ಒಗೆಯಲು ಒಬ್ಬಳು ಹೆಂಗಸು ಏರಿ ಇಳಿದು ಬಂದಳು. ನಮ್ಮ ಓಣಿಯವಳೇ. ನನ್ನನ್ನು ಕಂಡು ಗಂಟು ಕೆಳಗಿಟ್ಟು, "ಯವ್ವಾ! ನೀ ಇಲ್ಲಿ? ಮನಿಗೆ ಯಾಕ ಬಂದಿಲ್ಲ?" ಅಂದಳು.

"ಕರದಿಲ್ಲ" ಅಂದೆ. "ನಮ್ಮ ಅವ್ವಗ ಹೇಳು, ನಾ ಕೆರಿ ದಂಡಿ ಮ್ಯಾಲ ಅದೇನಿ ಅಂತ. ನಾಳೆ ಮುಂಜಾನೆ ಹೋಗತೇವಿ ಅಂತ ಹೇಳು."

ಅವಳು ನನ್ನನ್ನು, ಡೇರೆಯನ್ನು, ಹುಲ್ಲಿನಿಂದ ಮುಖ ತಿರುಗಿಸಿದ ಎತ್ತುಗಳನ್ನು ಒಂದು ಸಲ ನೋಡಿದಳು. ಅರಿವೆ ಒಗೆಯದೆ ಗಂಟು ಹೊತ್ತುಕೊಂಡು ತಿರುಗಿ ಹೋದಳು.

ಮಧ್ಯಾಹ್ನ ಮೀರಿದ ಮೇಲೆ ಏರಿಯ ಮೇಲೆ ಒಂದು ದೊಡ್ಡ ಹೊರೆ ಕಾಣಿಸಿತು. ಹೊರೆಯ ಕೆಳಗೆ ಎರಡು ಕಾಲು. ಆ ನಡಿಗೆ ಗುರುತು ಹಿಡಿಯಲು ನನಗೆ ಮುಖ ಬೇಕಾಗಿರಲಿಲ್ಲ. ನಮ್ಮಪ್ಪ. ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತು ಅವ್ವ. ಮಾವನ ಎದುರು ತಲೆಯ ಮೇಲಿನ ಸೆರಗು ಜಾರದ ಹಾಗೆ ಎರಡು ವರ್ಷ ನಡೆದವಳು ನಾನು, ಅವತ್ತು ಸೆರಗು ಎಲ್ಲಿ ಬಿತ್ತೋ ನೋಡಲಿಲ್ಲ. ಓಡಿದೆ. ಅವ್ವನಿಗೆ ಬುಟ್ಟಿ ಇಳಿಸುವುದಕ್ಕೂ ಬಿಡಲಿಲ್ಲ. "ಸಣ್ಣಾಗೀಯಲ್ಲಬೇ" ಅಂತ ಅವಳ ಬೆನ್ನು ಸವರಿದೆ. ಅವಳು ಹೇಳಬೇಕಾದ ಮಾತನ್ನು ನಾನೇ ಹೇಳಿದ್ದೆ.

ಅಪ್ಪ ನಮ್ಮ ಕಡೆ ನೋಡಲಿಲ್ಲ. ಮಾವನ ಕಡೆಯೂ ನೋಡಲಿಲ್ಲ. ನೆಟ್ಟಗೆ ಹೋಗಿ ಎತ್ತುಗಳ ಮುಂದೆ ಹೊರೆ ಇಳಿಸಿ, ಹಗ್ಗ ಬಿಚ್ಚಿ, ಭತ್ತದ ಹುಲ್ಲನ್ನು ಕಾಲಿಂದ ಬದಿಗೆ ಸರಿಸಿದ. ಹೊರೆಯಲ್ಲಿ ಇದ್ದದ್ದು ಜೋಳದ ಕಣಿಕೆ. ಎತ್ತುಗಳು ಬಾಯಿ ಹಾಕಿದವು. ಕಟಕಟ ಅಂತ ಅಗಿಯುವ ಸದ್ದು ಶುರುವಾಯಿತು. ಬೀಗರಿಬ್ಬರೂ ಒಂದೊಂದು ಎತ್ತಿನ ಬಾಜು ನಿಂತು ಅದನ್ನೇ ಕೇಳುತ್ತಿದ್ದರು.

ಕೊನೆಗೆ ಮಾವ ಮಗನಿಗೆ ಹೇಳಿದರು, "ಕೇಳು ಅವರನ್ನ. ಭತ್ತದ ಊರಾಗ ಕಣಕಿ ಎಲ್ಲಿಂದ ಬಂತು?"

"ಹೇಳ್ರಿ ಅಳಿಯಂದ್ರ, ಬೆಳದದ್ದು ಅಂತ" ಅಂದ ಅಪ್ಪ. "ಇನ್ನೂ ಐತಿ ಅಂತ ಹೇಳ್ರಿ. ನಾಳಿನ ಹಾದಿಗೆ ಇದು ಸಾಲೂದಿಲ್ಲ. ಎತ್ತ ಮನೀಗೆ ಬರಲಿ."

ನಡುವೆ ನಿಂತ ನಮ್ಮ ಮನೆಯವರಿಗೆ ಯಾವ ಮಾತನ್ನೂ ತಿರುಗಿ ಹೇಳುವ ಅಗತ್ಯ ಬೀಳಲಿಲ್ಲ. ನಾಲ್ಕು ಮಾರು ದೂರದಲ್ಲಿ ನಿಂತವರ ಮಾತು. ಮಾವ ಎತ್ತಿನ ಕೊಂಬು ಹಿಡಿದರು.

"ಗಾಡಿ ಹೂಡೂದಿಲ್ಲ ಅಂತ ಹೇಳು. ನಡಸ್ಕೊಂಡ ಬರತೇನಿ. ನನ್ನ ಸಲುವಾಗಿ ಅಲ್ಲ, ಎತ್ತಿನ ಸಲುವಾಗಿ."

ಅವ್ವನ ಬುಟ್ಟಿಯ ರೊಟ್ಟಿ ಝುಣಕ ತಿಂದು, ಗಾಡಿಯನ್ನು ಅಲ್ಲೇ ಡೇರೆಯ ಕೆಳಗೆ ಬಿಟ್ಟು, ಒಂದು ಹರದಾರಿ ನಡೆದೆವು. ಮುಂದೆ ಎತ್ತುಗಳ ಜೊತೆ ಮಾವ, ಇಪ್ಪತ್ತು ಹೆಜ್ಜೆ ಬಿಟ್ಟು ಅಪ್ಪ, ಹಿಂದೆ ನಾವು. ನಾನು ಅವ್ವನ ಕೈ ಬಿಡಲಿಲ್ಲ. ಅವಳ ಕೈ ಒರಟಾಗಿ, ಹಿಂಗಿನ ವಾಸನೆ ಹೊಡೆಯುತ್ತಿತ್ತು.

ಮನೆ ಮುಟ್ಟಿದಾಗ ಮಾವ ಬಾಗಿಲಿಗೆ ಹೋಗಲಿಲ್ಲ. ಎತ್ತು ಕಟ್ಟಲು ನೆಟ್ಟಗೆ ಹಿತ್ತಲಿಗೆ ಹೋದರು, ಹೋದವರು ಅಲ್ಲೇ ನಿಂತುಬಿಟ್ಟರು. ನಾನು ಹಿಂದೆ ಹೋಗಿ ನೋಡಿದೆ. ಭತ್ತದ ಹುಲ್ಲಿನ ದೊಡ್ಡ ಬಣವೆಯ ಬದಿಯಲ್ಲಿ, ನಾನು ಈ ಮನೆಯಲ್ಲಿ ಇದ್ದಾಗ ಎಂದೂ ಕಾಣದ ಎರಡು ಸಣ್ಣ ಕಣಿಕೆ ಬಣವೆಗಳಿದ್ದವು. ಒಂದನ್ನು ಅವತ್ತಷ್ಟೇ ಕಿತ್ತಿದ್ದರು. ಇನ್ನೊಂದು ಹಳೆಯದು. ಒಂದು ಮಳೆಗಾಲ ನೆನೆದು ಕಪ್ಪಾಗಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಇದ್ಯಾರಿಗೆ ಬೆಳದದ್ದು?" ಮಾವ ಕೇಳಿದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ.

ಅವ್ವ ಬಾಗಿಲ ಮರೆಯಲ್ಲಿ ನಿಂತು, "ಮದಿವಿ ಆದ ವರ್ಷದಿಂದ ಹಿತ್ತಲ ಹೊಲದಾಗ ಆರ ಸಾಲ ಜ್ವಾಳ ಹಾಕತಾರ್ರಿ" ಅಂದಳು. "ನಮ್ಮ ದನಾ ತಿನ್ನೂದಿಲ್ಲ. ಬೀಗರ ಎತ್ತ ಬಂದ್ರ ಬೇಕಾಕ್ಕೈತಿ ಅಂತ ಒಟ್ಟಿ ಇಡತಾರ. ಹೋದ ವರ್ಷ ಬರಲಿಲ್ಲ ನೀವು. ಕೊಳತ ಹೋತು. ಈ ವರ್ಷ ಮತ್ತ ಹಾಕಿದ್ರು."

ಮಾವ ಹಳೆಯ ಬಣವೆಯಿಂದ ಒಂದು ಕಪ್ಪು ದಂಟು ಎಳೆದು, ಮುರಿದು, ಮೂಸಿ ನೋಡಿದರು. ಅದನ್ನು ಎಸೆಯಲಿಲ್ಲ. ಕೈಯಲ್ಲೇ ಹಿಡಿದುಕೊಂಡು, ಎರಡು ವರ್ಷದಲ್ಲಿ ಮೊದಲ ಸಲ ನಮ್ಮಪ್ಪನ ಮುಖ ನೋಡಿ ಮಾತಾಡಿದರು.

"ಬೀಗರ, ಮುಂದಿನ ವರ್ಷ ಆ ಆರ ಸಾಲಿನ್ಯಾಗ ಭತ್ತಾನ ಹಾಕ್ರಿ. ಇನ್ನ ಮ್ಯಾಲ ಬರೂವಾಗ ಕಣಕಿ ನಾವ ತರತೇವಿ."

ಅಪ್ಪ "ಎತ್ತಿಗೆ ನೀರ ತರತೇನಿ" ಅಂತ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದ. ಬಾವಿ ಅಲ್ಲೇ ಹಿತ್ತಲ ಮೂಲೆಯಲ್ಲಿತ್ತು. ಬಹಳ ಹೊತ್ತು ಅವನು ತಿರುಗಿ ಬರಲಿಲ್ಲ.